ಹೆದ್ದಾರಿಯಲ್ಲಿ ರ‍್ಯಾಂಕು, ಲ್ಯಾಬಿಗೆ ಬೀಗ

"ಪ್ರಾಕ್ಟಿಕಲ್ ಬಗ್ಗೆ ತಲೆಬಿಸಿ ಬೇಡ ಅಮ್ಮ. ಸೆಕೆಂಡ್ ಪಿಯುಸಿ ಜನವರಿಯಲ್ಲಿ ಒಂದು ವಾರ ಇಟ್ಟು ಎಲ್ಲ ಮುಗಿಸಿ ಬಿಡ್ತೇವೆ."

ಮಗಳನ್ನು ಸೇರಿಸಲು ಹೋದ ನಮ್ಮ ಬೀದಿಯ ತಾಯಿಯೊಬ್ಬರಿಗೆ ಜಿಲ್ಲೆಯ ಒಂದು ಪಿಯು ಕಾಲೇಜಿನ ಕೌಂಟರಿನಲ್ಲಿ ಈ ವಾರ ಸಿಕ್ಕಿದ ಭರವಸೆ ಇದು. ಅವರು ಇದನ್ನು ಒಳ್ಳೆಯ ಸುದ್ದಿ ಎಂದುಕೊಂಡೇ ನನಗೆ ಹೇಳಿದರು. ಅವರ ತಪ್ಪಲ್ಲ. ನನ್ನ ಸಿಟ್ಟು ಮಾತ್ರ ಇನ್ನೂ ಇಳಿದಿಲ್ಲ. ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಮೂರರಲ್ಲೂ ಎರಡು ವರ್ಷದ ಪ್ರಯೋಗಗಳು ಒಂದೇ ವಾರದಲ್ಲಿ ಮುಗಿಯಬೇಕಾದರೆ ಮಕ್ಕಳು ಅವನ್ನು ಮಾಡದೇ ಇರಬೇಕು. ರೆಕಾರ್ಡ್ ಪುಸ್ತಕಕ್ಕೆ ಹಿಂದಿನ ವರ್ಷದವರದ್ದನ್ನು ನೋಡಿ ಇಳಿಸಬೇಕು. ಆಗುತ್ತಿರುವುದೂ ಅದೇ. ಪಿಯು ಲ್ಯಾಬಿನಲ್ಲೇ ಸಂಬಳ ತಿಂದು ನಿವೃತ್ತನಾದ ನನಗೆ ಇದನ್ನು ಕೇಳಿಸಿಕೊಂಡು ಸುಮ್ಮನಿರಲು ಸಾಧ್ಯವಿಲ್ಲ.

ಫಲಿತಾಂಶದ ಲೆಕ್ಕ ಓದುಗರಿಗೆ ಗೊತ್ತೇ ಇದೆ. 2024ರ ದ್ವಿತೀಯ ಪಿಯುಸಿಯಲ್ಲಿ ದಕ್ಷಿಣ ಕನ್ನಡ ರಾಜ್ಯಕ್ಕೆ ಮೊದಲು, ಉಡುಪಿ ಎರಡನೆಯದು. 2025ರಲ್ಲಿ ಶೇ. 93.90 ಪಡೆದು ಉಡುಪಿಯೇ ಮೊದಲಾಯಿತು, ಶೇ. 93.57ರೊಂದಿಗೆ ದಕ್ಷಿಣ ಕನ್ನಡ ಹಿಂದೆಯೇ ನಿಂತಿತು. ಇದು ಶಿಕ್ಷಕರ ದುಡಿಮೆಯಿಂದ ಬಂದದ್ದು, ಮನೆಯವರು ಹೊಟ್ಟೆಬಟ್ಟೆ ಕಟ್ಟಿ ಓದಿಸಿದ್ದರಿಂದ ಬಂದದ್ದು. ಈ ಹೆಮ್ಮೆಯಲ್ಲಿ ನನಗೂ ಪಾಲಿದೆ. ಅದೇ ಕಾರಣಕ್ಕೆ ಕೇಳುತ್ತೇನೆ: ಪರೀಕ್ಷೆಯಲ್ಲಿ ರಾಜ್ಯಕ್ಕೇ ಮೊದಲಾಗುವ ಜಿಲ್ಲೆಯ ಮಕ್ಕಳು ಮಣಿಪಾಲದ, ನಿಟ್ಟೆಯ, ಬಂಟಕಲ್ಲಿನ ಕಾಲೇಜುಗಳ ಮೊದಲ ಸೆಮಿಸ್ಟರಿನಲ್ಲಿ ಯಾಕೆ ಕಂಗಾಲಾಗುತ್ತಾರೆ? ಅಲ್ಲಿ ಪಾಠ ಮಾಡುವ ನನ್ನ ಹಳೆಯ ವಿದ್ಯಾರ್ಥಿಗಳು ಸಿಕ್ಕಾಗಲೆಲ್ಲ ಹೇಳುವುದು ಒಂದೇ ದೂರು. ಮಕ್ಕಳಿಗೆ ಸೂತ್ರ ಗೊತ್ತು, ವೇಗ ಇದೆ, ಆದರೆ ಉಪಕರಣ ಮುಟ್ಟಲು ಹೆದರುತ್ತಾರೆ, ಒಂದು ಪುಟ ಸ್ವಂತವಾಗಿ ಬರೆಯಲು ಒದ್ದಾಡುತ್ತಾರೆ.

ಹೆಜಮಾಡಿಯಿಂದ ಪಡುಬಿದ್ರಿ, ಕಾಪು, ಕಟಪಾಡಿ ದಾಟಿ ಉಡುಪಿಗೆ ಬನ್ನಿ. ಇಲ್ಲವೇ ಪಡುಬಿದ್ರಿಯಲ್ಲಿ ತಿರುಗಿ ಬೆಳ್ಮಣ್ಣು, ನಿಟ್ಟೆ ದಾರಿಯಾಗಿ ಕಾರ್ಕಳಕ್ಕೆ ಹೋಗಿ. ದಾರಿಯುದ್ದಕ್ಕೂ ಹದಿನೇಳು ಹದಿನೆಂಟರ ಮಕ್ಕಳ ಮುಖಗಳು. ನೀಟ್ ಅಂಕ, ಜೆಇಇ ಪರ್ಸೆಂಟೈಲ್, ಸಿಇಟಿ ರ‍್ಯಾಂಕು. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2024ರ ನವೆಂಬರಿನಲ್ಲಿ ಕೋಚಿಂಗ್ ಜಾಹೀರಾತುಗಳಿಗೆ ನಿಯಮ ಮಾಡಿದೆ. ಆಯ್ಕೆಯಾದ ಮೇಲೆ ಅಭ್ಯರ್ಥಿಯ ಲಿಖಿತ ಒಪ್ಪಿಗೆ ಪಡೆದೇ ಫೋಟೋ ಹಾಕಬೇಕು, ಆ ಅಭ್ಯರ್ಥಿ ಯಾವ ಕೋರ್ಸನ್ನು ಎಷ್ಟು ಅವಧಿಗೆ ಓದಿದ್ದು ಎಂದೂ ತಿಳಿಸಬೇಕು. ಕಾಲೇಜಿನ ಹೆಸರಲ್ಲೇ ಕೋಚಿಂಗ್ ಮಾರುವವರ ಬ್ಯಾನರುಗಳಲ್ಲಿ ಈ ವಿವರ ಹುಡುಕಿ ನೋಡಿ. ಮಗು ಎರಡು ವರ್ಷ ಅಲ್ಲೇ ಓದಿದ್ದೋ, ಪಿಯುಸಿ ಬೇರೆಡೆ ಮುಗಿಸಿ ರಿಪೀಟರ್ಸ್ ಬ್ಯಾಚಿಗೆ ಬಂದದ್ದೋ, ಬರೀ ಕ್ರಾಶ್ ಕೋರ್ಸಿಗೆ ಕೂತದ್ದೋ, ಬಸ್ಸಿನ ಕಿಟಕಿಯಿಂದ ನೋಡುವ ಅಪ್ಪ ಅಮ್ಮನಿಗೆ ತಿಳಿಯುವುದು ಹೇಗೆ?

ಇಂಟಿಗ್ರೇಟೆಡ್ ಬ್ಯಾಚ್ ನಮ್ಮ ಊರಿನ ಪಾಲಿಗೆ ಈಗ ಮುಂದುವರಿದ ಶಿಕ್ಷಣದ ಇನ್ನೊಂದು ಹೆಸರಾಗಿದೆ. ಪಿಯು ಪಾಠದ ಜತೆಗೆ ನೀಟ್, ಜೆಇಇ, ಸಿಇಟಿ ತಯಾರಿ, ಆದಿತ್ಯವಾರ ಮಾಕ್ ಟೆಸ್ಟ್, ಸೋಮವಾರ ಅದರ ಪಟ್ಟಿ. ನೀಟ್‌ನಲ್ಲಿ 180 ಪ್ರಶ್ನೆ, 180 ನಿಮಿಷ. ಸರಿ ಉತ್ತರಕ್ಕೆ 4 ಅಂಕ, ತಪ್ಪಿಗೆ 1 ಕಡಿತ. ಪಿಯುಸಿಯಲ್ಲಿ ನಿಗದಿತ ಕನಿಷ್ಠ ಅಂಕ ದಾಟಿದರೆ ಸಾಕು, ಮೆಡಿಕಲ್ ರ‍್ಯಾಂಕಿಗೆ ಪಿಯು ಅಂಕ ಲೆಕ್ಕಕ್ಕಿಲ್ಲ. ಎಂಜಿನಿಯರಿಂಗಿಗೆ ನಮ್ಮ ಸಿಇಟಿಯಲ್ಲಿ ಅರ್ಧ ತೂಕ ಪಿಯು ಅಂಕಕ್ಕೆ ಇದೆ ಎನ್ನುವುದೊಂದೇ ಸಮಾಧಾನ. ಇಂಥ ಪರೀಕ್ಷೆಗೆ ತಯಾರು ಮಾಡುವವರು ಮೊದಲು ಕತ್ತರಿ ಹಾಕುವುದು ಲ್ಯಾಬಿಗೆ, ಆಮೇಲೆ ಭಾಷೆಯ ಅವಧಿಗೆ, ಕೊನೆಗೆ ಆಟದ ಮೈದಾನಕ್ಕೆ. 2024ರಿಂದ ನೀಟ್ ಪಠ್ಯದಲ್ಲೇ ಪ್ರಾಯೋಗಿಕ ಕೌಶಲದ ಒಂದು ಘಟಕ ಸೇರಿದೆ. ವರ್ನಿಯರ್, ಸ್ಕ್ರೂಗೇಜ್, ಸರಳ ಲೋಲಕ ಎಲ್ಲ ಅದರಲ್ಲಿವೆ. ಅದನ್ನೂ ಬೋರ್ಡಿನ ಮೇಲೆ ಬರೆದು, ನಾಲ್ಕು ಆಯ್ಕೆ ಕೊಟ್ಟು ಕಲಿಸುತ್ತಿದ್ದಾರೆ.

ಲೋಲಕದ ಮಾತು ಬಂತು. ಇದೊಂದನ್ನು ವಿವರವಾಗಿ ಹೇಳಲೇಬೇಕು.

ದಾರಕ್ಕೆ ಕಟ್ಟಿದ ಒಂದು ಗುಂಡು, ಒಂದು ಮೀಟರ್ ಸ್ಕೇಲ್, ಒಂದು ಸ್ಟಾಪ್‌ವಾಚ್. ಇಷ್ಟೇ ಸಾಮಾನು. ಗುಂಡನ್ನು ಸ್ವಲ್ಪ ಬದಿಗೆ ಎಳೆದು ಬಿಟ್ಟು 20 ಆಂದೋಲನಕ್ಕೆ ಹಿಡಿಯುವ ಸಮಯ ನೋಡಿ ಗುರುತ್ವ ವೇಗೋತ್ಕರ್ಷವನ್ನು ಲೆಕ್ಕ ಹಾಕಬೇಕು. ಉತ್ತರ 9.8 ಎಂದು ಹೈಸ್ಕೂಲಿನ ಮಗುವಿಗೂ ಗೊತ್ತು. ಕಾರ್ಕಳ ಕಡೆಯ ಒಬ್ಬ ಹುಡುಗನಿಗೆ ನನ್ನ ಲ್ಯಾಬಿನಲ್ಲಿ 10.86 ಬಂತು. ಬುದ್ಧಿವಂತ ಹುಡುಗ. ಥಟ್ಟನೆ ರಬ್ಬರು ತೆಗೆದು ಉಜ್ಜಿ 9.8 ಬರೆದ. ಮೊದಲಿನದ್ದನ್ನೇ ಮತ್ತೆ ಬರೆ, ಯಾಕೆ ಹಾಗೆ ಬಂತು ಎಂದು ಹುಡುಕು ಎಂದೆ. ಮುಖ ಸಣ್ಣದಾಯಿತು. ದಾರ ಅಳೆದ, ಸರಿಯಿತ್ತು. ಗುಣಾಕಾರ ಮತ್ತೆ ಮಾಡಿದ, ಸರಿಯಿತ್ತು. ಮತ್ತೆ ಗುಂಡು ಬಿಟ್ಟ, ಮತ್ತೆ ಅದೇ ಆಸುಪಾಸು. ಜತೆಗಿದ್ದ ಹುಡುಗಿ ಅವನ ಬಾಯಿಯನ್ನೇ ನೋಡುತ್ತಿದ್ದಳು. ವಾಚು ಒತ್ತುವ ಗಳಿಗೆಯಲ್ಲಿ ಅವನು "ಒಂದು" ಎನ್ನುತ್ತಿದ್ದ. ಅನ್ನಬೇಕಾದದ್ದು "ಸೊನ್ನೆ". ಅವನು ಇಪ್ಪತ್ತು ಎಂದು ನಿಲ್ಲಿಸುವಾಗ ಆಗಿದ್ದದ್ದು ಹತ್ತೊಂಬತ್ತೇ ಆಂದೋಲನ. ಸಮಯ ಕಡಿಮೆ ಬಂತು, ಉತ್ತರ ಏರಿತು. ಲೆಕ್ಕ ಹಾಕಿದರೆ 10.86 ಕರಾರುವಾಕ್ಕಾಗಿ ಅಲ್ಲಿಂದಲೇ ಬರುತ್ತದೆ. ಆ ಹುಡುಗಿಗೆ ತನ್ನ ಸರದಿಯಲ್ಲಿ 9.70 ಬಂತು. ಅವಳು ರಬ್ಬರು ಮುಟ್ಟಲಿಲ್ಲ. ದಾರವನ್ನು ಗುಂಡಿನ ನಡುವಿನ ತನಕ ಅಳೆಯಬೇಕಿತ್ತು, ತಾನು ನೆತ್ತಿಯ ತನಕ ಅಳೆದಿದ್ದೇನೆ ಎಂದು ತಾನೇ ಕಂಡುಕೊಂಡಳು. ಒಂದು ಮೀಟರಿನಲ್ಲಿ ಒಂದು ಸೆಂಟಿಮೀಟರ್ ಬಿಟ್ಟುಹೋಗಿತ್ತು.

ಕಾಲೇಜಿಗೆ ತಯಾರಾಗುವುದು ಎಂದರೆ ಇದು. ತಪ್ಪು ಉತ್ತರವನ್ನು ಒರೆಸದೆ ಇಟ್ಟುಕೊಂಡು ಅದರ ಬೆನ್ನು ಹತ್ತುವ ಅಭ್ಯಾಸ. ಎಂಜಿನಿಯರನಿಗೂ ವೈದ್ಯನಿಗೂ ಬದುಕಿಡೀ ಬೇಕಾಗುವುದು ಇದೇ. ರೋಗಿಯ ರಿಪೋರ್ಟು ನಿರೀಕ್ಷೆಗಿಂತ ಬೇರೆ ಬಂದರೆ ಒರೆಸಿ ಬರೆಯಲು ಆಗುವುದಿಲ್ಲವಲ್ಲ! ಕೋಚಿಂಗ್ ಕೊಠಡಿಯಲ್ಲಿ ಈ ಅಭ್ಯಾಸಕ್ಕೆ ಜಾಗ ಇಲ್ಲ. ಅಲ್ಲಿ ಒಂದು ಪ್ರಶ್ನೆಗೆ ಒಂದು ನಿಮಿಷ. ಗೊತ್ತಿಲ್ಲದಿದ್ದರೆ ಬಿಡು, ಮುಂದಕ್ಕೆ ಹೋಗು. ಆ ಪರೀಕ್ಷೆಗೆ ಅದು ಸರಿಯಾದ ಉಪದೇಶವೇ. ಎರಡು ವರ್ಷ ಅದೊಂದನ್ನೇ ಕಲಿತ ಮಗು ಮೊದಲ ಸೆಮಿಸ್ಟರಿನಲ್ಲಿ ಗೊತ್ತಿಲ್ಲದ್ದನ್ನೆಲ್ಲ ಬಿಡುತ್ತಾ ಹೋದರೆ ತಪ್ಪು ಯಾರದು?

ಅಮೆರಿಕದಲ್ಲಿ ಅಡ್ವಾನ್ಸ್‌ಡ್ ಪ್ಲೇಸ್‌ಮೆಂಟ್ ಎಂಬ ವ್ಯವಸ್ಥೆ 1950ರ ದಶಕದಿಂದ ಇದೆ. ಹೈಸ್ಕೂಲಿನಲ್ಲೇ ಕಾಲೇಜು ಮಟ್ಟದ ಪಾಠ. ಅಲ್ಲಿಯೂ ಪೈಪೋಟಿ ಇದೆ, ಒತ್ತಡ ಇದೆ, ಹಣವಂತರಿಗೆ ಅನುಕೂಲ ಇದೆ. ಆದರೆ ಅದರ ಜೀವಶಾಸ್ತ್ರ, ರಸಾಯನಶಾಸ್ತ್ರದ ಕೋರ್ಸುಗಳಲ್ಲಿ ಬೋಧನೆಯ ಕನಿಷ್ಠ ಶೇ. 25ರಷ್ಟು ಹೊತ್ತು ಲ್ಯಾಬಿನಲ್ಲಿ ಕೈಯಾರೆ ಮಾಡುವ ಕೆಲಸಕ್ಕೇ ಹೋಗಬೇಕು. ಪರೀಕ್ಷೆಯಲ್ಲಿ ವಿವರಿಸಿ ಬರೆಯುವ ಉತ್ತರಗಳೂ ಇವೆ. ಐಬಿ ಡಿಪ್ಲೊಮಾ ಓದುವ ಮಗು ತಾನೇ ಆರಿಸಿದ ವಿಷಯದ ಮೇಲೆ 4,000 ಪದಗಳವರೆಗಿನ ಪ್ರಬಂಧ ಬರೆಯಬೇಕು. ಅಲ್ಲಿ ಮುಂದುವರಿದ ತರಗತಿ ಎಂದರೆ ಮುಂದೆ ಕಾಲೇಜಿನಲ್ಲಿ ಮಾಡುವ ಕೆಲಸವನ್ನು ಈಗಲೇ ಮಾಡಿನೋಡುವುದು. ಇಲ್ಲಿ ಎರಡು ವರ್ಷದ ಪಾಠವನ್ನು ಅದಕ್ಕಿಂತ ಮೊದಲೇ ಓಡಿಸಿ, ಉಳಿದ ದಿನವೆಲ್ಲ ಹಳೆಯ ಪ್ರಶ್ನೆಪತ್ರಿಕೆ ಅರೆಯುವುದು.

ನಮಗೆ ಇದನ್ನು ಕಲಿಯಲು ಅಮೆರಿಕಕ್ಕೆ ಹೋಗಬೇಕಾಗಿಯೂ ಇಲ್ಲ. ಟಿ.ಎಂ.ಎ. ಪೈಯವರು 1949ರಲ್ಲಿ ಉಡುಪಿಯಲ್ಲಿ ಎಂಜಿಎಂ ಕಾಲೇಜು ಕಟ್ಟಿದರು. 1953ರಲ್ಲಿ ಮಣಿಪಾಲದಲ್ಲಿ ಕೆಎಂಸಿ, 1957ರಲ್ಲಿ ಎಂಐಟಿ. ಕಾರ್ಕಳದ ಭುವನೇಂದ್ರ ಕಾಲೇಜು, ಉಡುಪಿಯ ಪೂರ್ಣಪ್ರಜ್ಞ ಎರಡೂ 1960ರವು. ಆ ಕಾಲದಲ್ಲಿ ಪಿಯುಸಿ ಇದ್ದದ್ದು ಪದವಿ ಕಾಲೇಜಿನ ಒಳಗೆ. ಹದಿನಾರರ ಹುಡುಗ ಲೈಬ್ರರಿಯಲ್ಲಿ ಬಿಎಸ್ಸಿಯವರ ಹಿಂದೆ ಸಾಲಿನಲ್ಲಿ ನಿಲ್ಲುತ್ತಿದ್ದ, ಪದವಿಗೆ ಪಾಠ ಹೇಳುವವರೇ ಅವನಿಗೂ ಹೇಳುತ್ತಿದ್ದರು. ಎಂಜಿಎಂನಲ್ಲಿ ಕು.ಶಿ. ಹರಿದಾಸ ಭಟ್ಟರು ಪ್ರಾಂಶುಪಾಲರಾಗಿದ್ದಾಗ ಸಾಹಿತ್ಯ, ಜಾನಪದ, ಯಕ್ಷಗಾನ ಎಲ್ಲ ಕಾಲೇಜಿನ ಆವರಣದಲ್ಲೇ ಉಸಿರಾಡುತ್ತಿದ್ದವು. ಕಾಲೇಜು ಹೇಗಿರುತ್ತದೆ ಎಂದು ಆ ಮಕ್ಕಳಿಗೆ ಯಾರೂ ಬ್ರಿಡ್ಜ್ ಕೋರ್ಸ್ ಮಾಡಿ ಹೇಳಬೇಕಾಗಿರಲಿಲ್ಲ. ಪಿಯು ಮತ್ತು ಪದವಿ ಬೇರೆಯಾದವು. ಅದರಿಂದ ಆದ ನಷ್ಟವನ್ನು ನಾವು ಇಂದಿಗೂ ಲೆಕ್ಕ ಹಾಕಿಲ್ಲ. ನಾನು ಇದನ್ನು ಈ ಅಂಕಣದಲ್ಲಿ ಹಿಂದೆಯೂ ಬರೆದಿದ್ದೇನೆ, ಮುಂದೆಯೂ ಬರೆಯುತ್ತೇನೆ.

ಈಗ ಆ ನಷ್ಟ ತುಂಬಿಸುವ ಕೆಲಸ ವೃತ್ತಿ ಕಾಲೇಜುಗಳ ತಲೆಗೆ ಬಂದಿದೆ. 2019ರಲ್ಲಿ ಎಂಬಿಬಿಎಸ್ ಪಠ್ಯಕ್ರಮ ಬದಲಿಸಿದಾಗ ಮೊದಲ ತಿಂಗಳನ್ನು ಫೌಂಡೇಶನ್ ಕೋರ್ಸಿಗೆ ಮೀಸಲಿಟ್ಟರು. ಭಾಷೆ, ಸಂವಹನ, ಕಂಪ್ಯೂಟರ್, ಆಟೋಟ ಅದರಲ್ಲಿ ಸೇರಿದವು. ಎಂಜಿನಿಯರಿಂಗಿಗೆ ಎಐಸಿಟಿಇ ಮೂರು ವಾರದ ಇಂಡಕ್ಷನ್ ತಂದಿತು. ಎರಡು ವರ್ಷ ಮಗುವಿನಿಂದ ಕಿತ್ತುಕೊಂಡದ್ದನ್ನು ಮೂರು ನಾಲ್ಕು ವಾರದಲ್ಲಿ ವಾಪಸು ಕೊಡುವುದು ಸಾಧ್ಯವೇ?

ಕಿತ್ತುಕೊಳ್ಳುವ ಮಾತು ಸುಮ್ಮನೆ ಆಡುತ್ತಿಲ್ಲ. ಉಡುಪಿಯ ಯಕ್ಷಶಿಕ್ಷಣ ಟ್ರಸ್ಟ್ ಪ್ರೌಢಶಾಲೆಗಳಲ್ಲಿ ಮಕ್ಕಳಿಗೆ ಯಕ್ಷಗಾನ ಕಲಿಸುತ್ತದೆ. ವರ್ಷದ ಕೊನೆಗೆ ರಾಜಾಂಗಣದಲ್ಲಿ ಆ ಮಕ್ಕಳ ಪ್ರದರ್ಶನ. ಹದಿನಾಲ್ಕರ ಹುಡುಗಿ ವೇಷ ಕಟ್ಟಿ ತುಂಬಿದ ಸಭೆಯ ಎದುರು ನಿಂತು, ಭಾಗವತರ ಪದ್ಯಕ್ಕೆ ಹೆಜ್ಜೆ ಹಾಕಿ, ಎದುರಿನವನ ಮಾತಿಗೆ ಅಲ್ಲೇ ತಕ್ಕ ಮಾತು ಕೊಡುತ್ತಾಳೆ. ಕೇಳಿಸಿಕೊಳ್ಳುವುದು, ನೆನಪಿಡುವುದು, ಸಭೆಗೆ ಹೆದರದೆ ವಾದ ಹೂಡುವುದು ಅಲ್ಲಿ ಒಟ್ಟಿಗೇ ನಡೆಯುತ್ತದೆ. ಕಾಲೇಜಿನ ಸೆಮಿನಾರಿಗೆ ಇದಕ್ಕಿಂತ ಒಳ್ಳೆಯ ತಯಾರಿ ನಾನು ಕಂಡಿಲ್ಲ. ಎಸೆಸೆಲ್ಸಿ ಮುಗಿದು ಇಂಟಿಗ್ರೇಟೆಡ್ ಬ್ಯಾಚಿಗೆ ಸೇರಿದ ದಿನ ಗೆಜ್ಜೆ ಪೆಟ್ಟಿಗೆ ಸೇರುತ್ತದೆ. "ಎರಡು ವರ್ಷ ಇದೆಲ್ಲ ಬೇಡ, ಸೀಟು ಸಿಕ್ಕಿದ ಮೇಲೆ ನೋಡುವ" ಎನ್ನುತ್ತಾರೆ. ಸೀಟು ಸಿಕ್ಕಿದ ಮೇಲೆ ಯಾರೂ ನೋಡುವುದಿಲ್ಲ.

ಹೆತ್ತವರ ಹೆದರಿಕೆ ನನಗೆ ಅರ್ಥವಾಗುತ್ತದೆ. ಇಷ್ಟು ಆಸ್ಪತ್ರೆ, ಇಷ್ಟು ಕಾಲೇಜು ಇದ್ದೂ ಉಡುಪಿ ಜಿಲ್ಲೆಗೆ ಸರಕಾರಿ ಮೆಡಿಕಲ್ ಕಾಲೇಜು ಒದಗಿಲ್ಲ. ಸರಕಾರಿ ಸೀಟಿಗೂ ಮ್ಯಾನೇಜ್‌ಮೆಂಟ್ ಸೀಟಿಗೂ ಶುಲ್ಕದಲ್ಲಿ ಅಜಗಜಾಂತರ. ಒಂದೊಂದು ಅಂಕಕ್ಕೆ ರ‍್ಯಾಂಕು ಸಾವಿರಗಟ್ಟಲೆ ಜಾರುವಾಗ ಯಾವ ಅಪ್ಪನಿಗೆ ನಿದ್ದೆ ಬಂದೀತು? ಹಾಗಾಗಿ ಕೋಚಿಂಗ್ ಬೇಡವೇ ಬೇಡ ಎಂದು ನಾನು ಹೇಳುವುದಿಲ್ಲ. ಬೇಕಾದವರು ಸಂಜೆ ಹೋಗಲಿ, ರಜೆಯಲ್ಲಿ ಹೋಗಲಿ. ಆದರೆ ಕಾಲೇಜಿನ ಹಗಲು ಕಾಲೇಜಿನದ್ದಾಗಿರಲಿ. ಈ ಹೆದರಿಕೆಯನ್ನೇ ಬಂಡವಾಳ ಮಾಡಿಕೊಂಡು ಎಂಟನೇ ತರಗತಿಯ ಮಕ್ಕಳಿಗೂ ನೀಟ್ ಫೌಂಡೇಶನ್ ಎಂಬ ಕರಪತ್ರ ಮೊನ್ನೆ ಪೇಪರಿನ ಒಳಗೆ ಬಂದಿತ್ತು. ಹದಿನಾರು ತುಂಬದವರನ್ನು ಕೋಚಿಂಗ್ ಕೇಂದ್ರಗಳು ಸೇರಿಸಿಕೊಳ್ಳಬಾರದು ಎಂದು ಕೇಂದ್ರ ಶಿಕ್ಷಣ ಸಚಿವಾಲಯ 2024ರ ಜನವರಿಯಲ್ಲೇ ಮಾರ್ಗಸೂಚಿ ಹೊರಡಿಸಿದೆ. ಎಂಟನೇ ತರಗತಿಯ ಮಗುವಿಗೆ ಹದಿಮೂರು. ಪದವಿಪೂರ್ವ ಶಿಕ್ಷಣ ಇಲಾಖೆಯೂ ಜಿಲ್ಲಾಡಳಿತವೂ ಫಲಿತಾಂಶದ ದಿನ ಸನ್ಮಾನ ಮಾಡಿದರೆ ಸಾಲದು. ಜುಲೈಯಲ್ಲಿ ಹೇಳದೆ ಕೇಳದೆ ಒಂದೊಂದು ಕಾಲೇಜಿನ ಲ್ಯಾಬಿಗೆ ಹೋಗಿ ಬಾಗಿಲು ತೆಗೆಸಿ ನೋಡಬೇಕು.

ಹೆತ್ತವರೇ, ನೀವೂ ನೋಡಿ. ಶುಲ್ಕ ಕಟ್ಟುವ ಮೊದಲು ಕಳೆದ ವರ್ಷ ಎಷ್ಟು ಮಂದಿಗೆ ಎಂಬಿಬಿಎಸ್ ಆಯಿತು ಎಂದು ಕೇಳುತ್ತೀರಲ್ಲ, ಆಮೇಲೆ ಟೈಂಟೇಬಲ್ ಕೇಳಿ. ವಾರಕ್ಕೆ ಲ್ಯಾಬ್ ಎಷ್ಟು ಹೊತ್ತು, ಲೈಬ್ರರಿಯಿಂದ ಪುಸ್ತಕ ಮನೆಗೆ ಕೊಡುತ್ತಾರೋ ಇಲ್ಲವೋ, ಭಾಷೆಯ ಪಾಠ ಯಾರು ಮಾಡುತ್ತಾರೆ ಎಂದು ಕೇಳಿ. ಲ್ಯಾಬ್ ತೋರಿಸಿ ಎನ್ನಿ. ಬ್ಯೂರೆಟ್ಟಿನ ಮೇಲೆ ದೂಳು ಕೂತಿದ್ದರೆ, ಬೀಗದ ಕೈ ಯಾರಲ್ಲಿದೆ ಎಂದು ಯಾರಿಗೂ ಗೊತ್ತಿಲ್ಲದಿದ್ದರೆ, ಚೆಕ್ ಬುಕ್ ಚೀಲದೊಳಗೇ ಇರಲಿ, ಮಗಳನ್ನು ಕರೆದುಕೊಂಡು ಮನೆಗೆ ಬನ್ನಿ.