ಹುಡುಗ ಚಿತ್ರ ಬಿಡಿಸಲಿ ಬಿಡಿ

ನನ್ನ ತಂಗಿಯ ಮಗ ಈ ವರ್ಷ ಎಸ್ಸೆಸ್ಸೆಲ್ಸಿ ಮುಗಿಸಿದ. ಅವನಿಗೆ ಚಿತ್ರಕಲೆ ಕಲಿಯಬೇಕಂತೆ. ಭಾವ ದಮ್ಮಾಮಿನಿಂದ ಫೋನ್ ಮಾಡಿ, "ನೀವು ಹೇಳಿದರೆ ಕೇಳುತ್ತಾನೆ, ಡಿಪ್ಲೊಮಾಕ್ಕೆ ಸೇರಲು ಹೇಳಿ" ಎಂದರು. ನಾನು ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿದವನು, ನನ್ನ ಮಾತಿಗೆ ತೂಕ ಇದೆ ಎಂದು ಅವರ ಲೆಕ್ಕ. ನಾನು ಹಾಗೆ ಹೇಳುವುದಿಲ್ಲ. ನಮ್ಮ ಎಷ್ಟೋ ಮನೆಗಳಲ್ಲಿ ಇದೇ ಮಾತು ನಡೆಯುತ್ತಿರುವುದರಿಂದ ಕಾರಣವನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನಿರುವುದು ಆದೋನಿಯಲ್ಲಿ. 1953ರವರೆಗೆ ಇದು ಬಳ್ಳಾರಿ ಜಿಲ್ಲೆಯ ತಾಲೂಕು. ಆಂಧ್ರ ರಾಜ್ಯ ಆದಾಗ ಆಲೂರು, ರಾಯದುರ್ಗಗಳ ಜೊತೆ ಆ ಕಡೆ ಹೋಯಿತು. ಮಾರ್ಕೆಟ್‌ನಲ್ಲಿ ಈಗಲೂ ಕನ್ನಡ ಕೇಳುತ್ತದೆ. ಹತ್ತಿಯ ಊರು. ಜಿನ್ನಿಂಗ್ ಮಿಲ್ಲಿನ ರೋಲರ್, ಬೇರಿಂಗ್ ನೋಡಿಕೊಳ್ಳುವುದು ನನ್ನ ಕೆಲಸ. ಎಲ್ಲಿ ನೋಡಿದರೂ ಬಂಡೆ, ಬಂಡೆಗಳ ಮೇಲೆ ಕೋಟೆ, ಜೂನ್‌ನಲ್ಲೂ ಬಿಸಿಲು. ಇಲ್ಲಿಗೆ ಬಂದ ಮೇಲೆಯೇ ನಮ್ಮ ಊರಿನ ಮಳೆ ನನಗೆ ಕಾಣತೊಡಗಿದ್ದು. ಉಪ್ಪನ ಅಂಗಡಿಯ ಹಂಚಿನಿಂದ ಇಳಿಯುವ ನೀರು, ಬಾಗಿಲಲ್ಲಿ ಹಾಸಿದ ಗೋಣಿ, ಗೋಣಿಯ ಮೇಲೆ ಗಿರಾಕಿಗಳ ಕೆಂಪು ಕೆಸರಿನ ಕಾಲು. ಇಪ್ಪತ್ತು ವರ್ಷ ಅಲ್ಲೇ ಬೆಳೆದೆ, ಒಂದು ದಿನವೂ ಸರಿಯಾಗಿ ನೋಡಿರಲಿಲ್ಲ.

ಕೆ.ಕೆ. ಹೆಬ್ಬಾರರು ನನಗೆ ಅರ್ಥವಾದದ್ದು ಹೀಗೆ. ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದವರು. ಮುಂಬೈಗೆ ಹೋಗಿ ಜೆ.ಜೆ. ಸ್ಕೂಲಿನಲ್ಲಿ ಕಲಿತರು, ಆಮೇಲೆ ಪ್ಯಾರಿಸ್ಸಿನಲ್ಲೂ ಕಲಿತರು, 1996ರಲ್ಲಿ ತೀರಿಕೊಳ್ಳುವವರೆಗೂ ಮುಂಬೈಯವರಾಗಿಯೇ ಇದ್ದರು. ಆದರೆ ಅವರ ಚಿತ್ರಗಳಲ್ಲಿ ಯಕ್ಷಗಾನ ಇದೆ, ಕೋಳಿ ಅಂಕ ಇದೆ, ನಾಗಮಂಡಲ ಇದೆ. ಗೆರೆಗೆ ಲಯ ಬರಬೇಕೆಂದು ಕಥಕ್ ಕುಣಿತ ಕಲಿತರಂತೆ! ಬೆಂಗಳೂರಿನ ವೆಂಕಟಪ್ಪ ಗ್ಯಾಲರಿಯಲ್ಲಿ ಅವರ ಚಿತ್ರಗಳನ್ನು ಮೊದಲ ಸಲ ಕಂಡಾಗ ನಾನು ಮಳೆಗೆ ಆಸರೆ ಹುಡುಕಿ ಒಳಹೊಕ್ಕವನು, ಅಷ್ಟೇ. ಆ ಗೆರೆಗಳು ಈಗ ಇಲ್ಲಿ ನೆನಪಾಗುತ್ತವೆ. ಊರು ಬಿಟ್ಟವನ ಕಣ್ಣು ಅದು.

ಊರು ಬಿಡುವುದರಲ್ಲಿ ನಮ್ಮನ್ನು ಮೀರಿಸುವವರು ಯಾರು? ಮುಂಬೈ, ದುಬೈ, ದಮ್ಮಾಮ್. ಹೋದವರು ಹಣ ಕಳಿಸಿದರು, ಮನೆ ಕಟ್ಟಿದರು, ತಂಗಿಯರ ಮದುವೆ ಮಾಡಿದರು. ಅದು ಸಣ್ಣ ಮಾತಲ್ಲ. ಆದರೆ ಹಳೆ ಮನೆ ಹೇಗಿತ್ತು ಎಂದು ಮಕ್ಕಳು ಕೇಳಿದರೆ ತೋರಿಸಲು ನಮ್ಮಲ್ಲಿ ಏನಿದೆ? ಜಗಲಿಯಲ್ಲಿ ಬೀಡಿ ಕಟ್ಟುತ್ತಿದ್ದ ಉಮ್ಮನ ಕೈ, ಅಜ್ಜಿಯ ಕಿವಿಯ ಅಲಿಕತ್, ಬಂದರಿನ ಝೀನತ್ ಬಕ್ಷ್ ಮಸೀದಿಯ ಮರದ ಕೆತ್ತನೆ, ಇವನ್ನು ಕೂತು ಬಿಡಿಸಿದ ನಮ್ಮವರು ಎಷ್ಟು ಜನ? ಬ್ಯಾರಿ ಸಾಹಿತ್ಯ ಅಕಾಡೆಮಿ 2009ರಲ್ಲಿ ಬಂತು, ನಮ್ಮ ಮಾತಿಗೆ ಒಂದು ನೆಲೆ ಸಿಕ್ಕಿತು. ಕಣ್ಣಿಗೂ ಸಿಗಬೇಡವೇ?

ಆದೋನಿಯನ್ನೇ ನೋಡಿ. ಬಿಜಾಪುರದ ಆದಿಲ್ ಶಾಹಿಗಳ ಕಾಲದಲ್ಲಿ ಇದನ್ನು ಆಳಿದ ಸಿದ್ದಿ ಮಸೂದ್ ಖಾನರು ಆಫ್ರಿಕಾ ಮೂಲದವರು. ಅವರು ಕಟ್ಟಿಸಿದ ಶಾಹಿ ಜಾಮಿಯಾ ಮಸೀದಿ ಈಗಲೂ ಇದೆ. ಔರಂಗಜೇಬನ ಸೈನ್ಯ ಮುತ್ತಿಗೆ ಹಾಕಿ ಫಿರಂಗಿಗಳನ್ನು ಮಸೀದಿಯ ಕಡೆ ತಿರುಗಿಸಿದಾಗ, ಅದು ಉಳಿಯಲೆಂದು ಖಾನರು ಕೋಟೆಯನ್ನೇ ಬಿಟ್ಟುಕೊಟ್ಟರು ಎಂದು ಇಲ್ಲಿ ಹೇಳುತ್ತಾರೆ. ಆ ಯುದ್ಧದ ಬಳಿಕ ಮೊಗಲರ ಕಡೆಯ ಬಿಕಾನೇರಿನ ಅನೂಪ್ ಸಿಂಹ ಇಲ್ಲಿದ್ದ ದಖನಿ ಚಿತ್ರಗಳನ್ನು ತಮ್ಮ ಊರಿಗೆ ಒಯ್ದರು. ಆ ಕಾಲದ ಜನ ಏನು ಉಡುತ್ತಿದ್ದರು, ಹೇಗೆ ಕೂರುತ್ತಿದ್ದರು ಎಂದು ಇವತ್ತು ತಿಳಿಯುವುದು ಇಂಥ ಚಿತ್ರಗಳಿಂದ. ಬರೆದವರು ಇದ್ದರು, ಅದಕ್ಕೆ ಒಯ್ಯಲಿಕ್ಕಾದರೂ ಏನೋ ಇತ್ತು.

ಜೀವಿಗಳ ಚಿತ್ರ ಬರೆಯುವ ಬಗ್ಗೆ ನಮ್ಮ ಹಿರಿಯರಿಗೆ ತಕರಾರು ಇದೆ, ಗೊತ್ತು. ಆ ಚರ್ಚೆಗೆ ನಾನು ಯೋಗ್ಯನಲ್ಲ. ಮಳೆ, ಹಂಚು, ಹೊಳೆ, ಮಸೀದಿಯ ಕಂಬ ಬರೆಯಲು ಯಾರ ತಕರಾರೂ ಇಲ್ಲವಲ್ಲ.

ಭಾವನ ನಿಜವಾದ ಹೆದರಿಕೆ ಹೊಟ್ಟೆಪಾಡಿನದು. ಅದನ್ನು ತಳ್ಳಿಹಾಕಲಾರೆ, ಬೇರಿಂಗ್ ಬದಲಿಸಿದ್ದಕ್ಕೆ ನನಗೆ ಸಂಬಳ ಬರುತ್ತದೆ, ಮಳೆ ನೆನೆದದ್ದಕ್ಕಲ್ಲ. ಹೆಬ್ಬಾರರೂ ಕಲಿತ ಸ್ಕೂಲಿನಲ್ಲೇ ಕೆಲವು ವರ್ಷ ಮೇಷ್ಟ್ರಾಗಿದ್ದರು. ಹುಡುಗನೂ ಡ್ರಾಯಿಂಗ್ ಮಾಸ್ಟರ್ ಆಗಬಹುದು, ಡಿಸೈನ್ ಕೆಲಸ ಹಿಡಿಯಬಹುದು. ಡಿಪ್ಲೊಮಾ ಮಾಡಿದ ನನ್ನ ಕ್ಲಾಸಿನವರಲ್ಲಿ ಎಷ್ಟು ಜನ ಮೆಷಿನ್ ಮುಟ್ಟುತ್ತಿದ್ದಾರೆ ಎಂದು ಕೇಳಿದರೆ ಭಾವನಿಗೆ ಉತ್ತರ ಕೊಡುವುದು ನನಗೂ ಕಷ್ಟವೇ.

ಕಳೆದ ವಾರ ಹುಡುಗ ವಾಟ್ಸಾಪಿನಲ್ಲಿ ಒಂದು ಚಿತ್ರ ಕಳಿಸಿದ. ಉಪ್ಪನ ಅಂಗಡಿ. ತಕ್ಕಡಿಯ ಹಿಂದಿನ ಗೋಡೆಯಲ್ಲಿ ಸಾಲದ ಪುಸ್ತಕ ತೂಗುಹಾಕುವ ಮೊಳೆ ಇತ್ತು, ಅದನ್ನೂ ಬಿಟ್ಟಿಲ್ಲ. ಪೆರ್ನಾಲಿಗೆ ಭಾವ ಊರಿಗೆ ಬರುತ್ತಾರೆ. ಅದನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ ಇಟ್ಟುಕೊಂಡಿದ್ದೇನೆ, ಮೊದಲು ಅವರು ನೋಡಲಿ.