ಕಟ್ಟಿದ ನಾಯಿಗೂ ಕುಳಿತ ಒಡೆಯನಿಗೂ ಒಂದೇ ಪಥ್ಯ



ಆರೋಗ್ಯದ ಈ ಪುಟದಲ್ಲಿ ನಾಯಿಯ ಮಾತೇಕೆ ಎಂದು ಕೆಲವರು ಕೇಳಬಹುದು. ಇತ್ತೀಚಿನ ವರ್ಷಗಳಲ್ಲಿ ನಮ್ಮ ಚಿಕಿತ್ಸಾಲಯಕ್ಕೆ ಬರುವವರಲ್ಲಿ ಎರಡು ಬಗೆಯ ಜನ ಹೆಚ್ಚುತ್ತಿದ್ದಾರೆ. ಒಂದು, ನಾಯಿಯಿಂದ ಕಚ್ಚಿಸಿಕೊಂಡವರು. ಎರಡು, ನಡಿಗೆಯನ್ನೇ ಮರೆತು ಮಧುಮೇಹ, ಮೊಣಕಾಲು ನೋವು, ಬೊಜ್ಜುಗಳನ್ನು ಹೊತ್ತು ತಂದವರು. ಇವೆರಡಕ್ಕೂ ಸಂಬಂಧವಿದೆ ಎಂಬುದು ನಮಗೆ ತಡವಾಗಿ ಹೊಳೆಯಿತು. ಅದನ್ನೇ ಇಂದು ತಮ್ಮ ಮುಂದೆ ಅರಿಕೆ ಮಾಡುತ್ತಿದ್ದೇವೆ.

ನಮ್ಮ ಅಳ್ನಾವರ ಬಯಲುಸೀಮೆಗೂ ಮಲೆನಾಡಿಗೂ ನಡುವಣ ಊರು. ಒಂದು ದಿಕ್ಕಿಗೆ ಹೊಲ, ಇನ್ನೊಂದು ದಿಕ್ಕಿಗೆ ಕಾಡು. ನಾವು ಚಿಕ್ಕವರಿದ್ದಾಗ ಇಲ್ಲಿ ನಾಯಿಯನ್ನು ಹಗಲಿಡೀ ಕಟ್ಟಿಹಾಕುವ ರೂಢಿ ಇರಲಿಲ್ಲ. ಬೆಳಗಿನಲ್ಲಿ ಎತ್ತುಗಳ ಹಿಂದೆ ಹೊಲಕ್ಕೆ ಹೋಗುತ್ತಿತ್ತು, ಹಂದಿ ಬಂದರೆ ಅಟ್ಟುತ್ತಿತ್ತು, ಸಂಜೆ ಬಂಡಿಯ ನೆರಳಿನಲ್ಲಿ ಮರಳುತ್ತಿತ್ತು, ರಾತ್ರಿ ಕಣ ಕಾಯುತ್ತಿತ್ತು. ಅದರ ಕಾಲಿಗೂ ಕೆಲಸವಿತ್ತು, ಒಡೆಯನ ಕಾಲಿಗೂ ಕೆಲಸವಿತ್ತು. ಇಂದು ಹೊಸ ಬಡಾವಣೆಗಳಲ್ಲಿ ಕಂಪೌಂಡು ಎದ್ದಿದೆ, ಗೇಟಿಗೆ ‘ನಾಯಿ ಇದೆ, ಎಚ್ಚರಿಕೆ’ ಎಂಬ ಫಲಕ ಬಿದ್ದಿದೆ, ಒಳಗೆ ನಾಲ್ಕು ಮೊಳದ ಸರಪಳಿಯಲ್ಲಿ ಒಂದು ನಾಯಿ ತಿರುಗುತ್ತಿದೆ. ಹೊಲಕ್ಕೆ ನಡೆದುಹೋಗುತ್ತಿದ್ದ ಒಡೆಯನೂ ಈಗ ಮೋಟರ್ ಸೈಕಲ್ ಮೇಲೆ ಹೋಗಿ ಬಂದು ಟಿ.ವಿ.ಯ ಮುಂದೆ ಕೂರುತ್ತಾನೆ.

ಕಳೆದ ಚಳಿಗಾಲದಲ್ಲಿ ನಾವು ಬೆಂಗಳೂರಿನಲ್ಲಿರುವ ಮಗಳ ಮನೆಗೆ ಹೋಗಿದ್ದೆವು. ಮೂರನೆಯ ಮಹಡಿಯ ಮನೆ. ಅಲ್ಲಿ ಎರಡು ವರ್ಷದ ಒಂದು ಮುಧೋಳ ನಾಯಿ. ಅದರ ಶಕ್ತಿಗೆ ಮಿತಿಯಿಲ್ಲ; ಬಾಗಿಲ ಸಪ್ಪಳವಾದರೆ ಸೋಫಾ ಜಿಗಿದು ಓಡುವುದು, ಪರದೆ ಹರಿಯುವುದು, ಚಪ್ಪಲಿ ಕಡಿಯುವುದು. “ಅಪ್ಪಾ, ಸಾಯಂಕಾಲ ಇದನ್ನು ಓಡಿಸದಿದ್ದರೆ ರಾತ್ರಿ ಯಾರಿಗೂ ನಿದ್ದೆಯಿಲ್ಲ” ಎಂದು ಮಗಳು ನಮ್ಮನ್ನು ಬಡಾವಣೆಯ ಸಮೀಪದ ಶ್ವಾನವನಕ್ಕೆ ಕರೆದೊಯ್ದಳು. ನಾಯಿಗಳಿಗೆಂದೇ ಬೇಲಿ ಹಾಕಿದ ಬಯಲು ಅದು. ಒಂದರ ಹಿಂದೆ ಒಂದು ಎರಡು ಗೇಟುಗಳು. ಮೊದಲ ಗೇಟು ಮುಚ್ಚಿದ ಮೇಲೆಯೇ ಎರಡನೆಯದನ್ನು ತೆರೆಯಬೇಕು; ಒಳಗೆ ಹೋದ ಮೇಲೆಯೇ ಬೆಲ್ಟು ಬಿಚ್ಚಬೇಕು.

ಬೆಲ್ಟು ಬಿಚ್ಚಿದ ಆ ಕ್ಷಣವನ್ನು ನಾವು ಮರೆಯಲಾರೆವು. ಮನೆಯಲ್ಲಿ ಪೀಡೆಯಾಗಿ ಕಂಡ ಆ ಪ್ರಾಣಿ ಬಿಲ್ಲಿನಿಂದ ಬಿಟ್ಟ ಬಾಣದಂತೆ ಬಯಲನ್ನು ಸುತ್ತಿತು. ಬೆನ್ನು ಬಾಗಿ ಬಾಗಿ ನೆಟ್ಟಗಾಗುತ್ತಿತ್ತು, ಕಾಲು ನೆಲಕ್ಕೆ ತಾಗುವುದೇ ಕಾಣುತ್ತಿರಲಿಲ್ಲ. ಏಳೆಂಟು ಸುತ್ತು ಹಾಕಿ ಬಂದು ನಮ್ಮ ಕಾಲ ಬಳಿ ನಾಲಗೆ ಚಾಚಿ ಮಲಗಿತು. ಆ ರಾತ್ರಿ ಅದರ ಸದ್ದೇ ಇಲ್ಲ. ದೋಷವಿದ್ದದ್ದು ನಾಯಿಯಲ್ಲಲ್ಲ, ಅದರ ದಿನಚರಿಯಲ್ಲಿ ಎಂಬುದು ನಮಗೆ ಆಗ ಮನದಟ್ಟಾಯಿತು.

ಆದರೆ ಅಲ್ಲಿಯೇ ಇನ್ನೊಂದನ್ನೂ ಕಂಡೆವು. ನಾಯಿಗಳು ಓಡುತ್ತಿದ್ದವು, ಒಡೆಯರು ಬೆಂಚಿನ ಮೇಲೆ ಕುಳಿತು ಮೊಬೈಲು ನೋಡುತ್ತಿದ್ದರು. ಎರಡು ನಾಯಿಗಳು ಗುರುಗುಟ್ಟಿ ಮೇಲೆ ಬಿದ್ದಾಗಲೂ ಒಬ್ಬ ಒಡೆಯರು ತಲೆ ಎತ್ತಲು ಅರೆಗಳಿಗೆ ಬೇಕಾಯಿತು. ನಾಯಿಗೆ ಬಯಲು ಒದಗಿಸಿದವರು ತಮ್ಮನ್ನು ಬೆಂಚಿಗೆ ಕಟ್ಟಿಕೊಂಡಿದ್ದರು.

ನಮ್ಮ ಆಯುರ್ವೇದದಲ್ಲಿ ಇದಕ್ಕೆ ಸ್ಪಷ್ಟವಾದ ಮಾತಿದೆ. ಚರಕ ಸಂಹಿತೆಯ ಸೂತ್ರಸ್ಥಾನದ ಏಳನೆಯ ಅಧ್ಯಾಯ ದೇಹದ ಸಹಜ ವೇಗಗಳನ್ನು ತಡೆಯಬಾರದು ಎಂಬುದನ್ನು ವಿವರಿಸುತ್ತದೆ. ಅದೇ ಅಧ್ಯಾಯದಲ್ಲಿ ವ್ಯಾಯಾಮದ ಲಕ್ಷಣವನ್ನೂ ಹೇಳುತ್ತದೆ. ಮಲಮೂತ್ರಗಳ ವೇಗವನ್ನು ತಡೆದರೆ ಮನುಷ್ಯನಿಗೆ ರೋಗ ಬರುತ್ತದೆ ಎಂದು ನಂಬುವ ನಾವು ನಾಯಿಯನ್ನು ಹದಿನಾಲ್ಕು ತಾಸು ಕಂಬಕ್ಕೆ ಕಟ್ಟಿ ಅದರ ಎಲ್ಲ ವೇಗಗಳನ್ನೂ ತಡೆಯುತ್ತೇವೆ. ಬಳಿಕ ‘ಇದಕ್ಕೆ ಹುಚ್ಚು ಸಿಟ್ಟು’ ಎಂದು ದೂರುತ್ತೇವೆ.

ಇನ್ನು ಒಡೆಯನ ಮಾತು. ಸುಶ್ರುತರು ಚಿಕಿತ್ಸಾಸ್ಥಾನದಲ್ಲಿ ಪ್ರಮೇಹಿಗೆ ಕೊಡುವ ಪಥ್ಯ ಕೇಳಿದರೆ ಇಂದಿನವರು ಬೆರಗಾಗುತ್ತಾರೆ. ಕೊಡೆಯಿಲ್ಲದೆ, ಪಾದರಕ್ಷೆಯಿಲ್ಲದೆ, ಒಂದೂರಿನಲ್ಲಿ ಒಂದೇ ರಾತ್ರಿ ತಂಗುತ್ತ ನೂರು ಯೋಜನ ನಡೆಯಬೇಕು. ಕಾಡಿನ ಮೃಗಗಳೊಡನೆ ಬಾಳಬೇಕು. ಹಸುಗಳ ಹಿಂದೆ ಅಲೆಯಬೇಕು. ಅಂದರೆ ಪ್ರಾಣಿಯ ಹಿಂದೆ ನಡೆಯುವುದೇ ಪ್ರಮೇಹಕ್ಕೆ ಔಷಧವೆಂದು ನಮ್ಮ ಶಾಸ್ತ್ರ ಎಂದೋ ಬರೆದಿಟ್ಟಿದೆ. ಇಂದು ಹಸುವಿನ ಹಿಂದೆ ಅಲೆಯಲು ಗೋಮಾಳವೆಲ್ಲಿದೆ? ಮನೆಯಲ್ಲಿರುವ ನಾಯಿಯ ಹಿಂದೆಯಾದರೂ ನಡೆಯಬಹುದಲ್ಲ! ಮಾತ್ರೆ ಬರೆದುಕೊಡಿ ಎಂದು ಬರುವ ಎಷ್ಟೋ ಜನರಿಗೆ ನಾವು ಈಗ ಮೊದಲು ಕೇಳುವ ಪ್ರಶ್ನೆ: “ಮನೆಯಲ್ಲಿ ನಾಯಿ ಇದೆಯೇ? ಅದನ್ನು ನಡೆಸುವವರು ಯಾರು?” ಉತ್ತರ ಬಹುಪಾಲು ಒಂದೇ: “ಕೆಲಸದ ಹುಡುಗ.” ಔಷಧವನ್ನು ಬೇರೊಬ್ಬರಿಗೆ ಕುಡಿಸಿ ನಮಗೆ ಗುಣವಾಗಲಿ ಎಂದರೆ ಆದೀತೆ?

ಮುಧೋಳ ನಾಯಿಯ ಬಗ್ಗೆ ಎರಡು ಮಾತು ಅವಶ್ಯ. ಇದು ನಮ್ಮ ಉತ್ತರ ಕರ್ನಾಟಕದ ಹೆಮ್ಮೆಯ ತಳಿ. ಮುಧೋಳದ ಘೋರ್ಪಡೆ ಅರಸರು ಇದನ್ನು ಬೆಳೆಸಿ ಪ್ರಸಿದ್ಧಿಗೆ ತಂದರು. 2005ರಲ್ಲಿ ಅಂಚೆ ಇಲಾಖೆ ಇದರ ಅಂಚೆಚೀಟಿ ತಂದಿತು. 2020ರ ಆಗಸ್ಟಿನ ‘ಮನ್ ಕಿ ಬಾತ್’ನಲ್ಲಿ ಪ್ರಧಾನಮಂತ್ರಿಗಳು ಇದರ ಹೆಸರು ಹೇಳಿದರು. ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರ ಮುಧೋಳದ ಬಳಿಯ ತಿಮ್ಮಾಪುರದಲ್ಲಿದೆ. ಈ ಹೆಮ್ಮೆಯಿಂದ ಅನೇಕರು ಮರಿ ತರುತ್ತಾರೆ. ಆದರೆ ಬಯಲಿನಲ್ಲಿ ಮೊಲವನ್ನು ಕಣ್ಣಿನಿಂದಲೇ ಹಿಡಿದು ಅಟ್ಟಿ ಓಡಲು ಹುಟ್ಟಿದ ತಳಿ ಇದು. ಇದನ್ನು ಗೇಟಿಗೆ ಕಟ್ಟುವುದು ಓಟದ ಕುದುರೆಯನ್ನು ಗಾಣಕ್ಕೆ ಕಟ್ಟಿದಂತೆ. ಓಡಿಸಲು ಜಾಗ, ಓಡಿಸುವ ಮನಸ್ಸು ಎರಡೂ ಇಲ್ಲದವರು ದಯವಿಟ್ಟು ಈ ನಾಯಿಯನ್ನು ತರಬೇಡಿ.

ಬೆಂಗಳೂರಿನಲ್ಲಿದ್ದಾಗಲೇ ನಾವು ಕಸ್ತೂರಬಾ ರಸ್ತೆಯ ಸರಕಾರಿ ವಸ್ತುಸಂಗ್ರಹಾಲಯಕ್ಕೆ ಹೋಗಿ ಆತಕೂರಿನ ಶಿಲಾಶಾಸನವನ್ನು ನೋಡಿದೆವು. ಹತ್ತನೆಯ ಶತಮಾನದ ಮಧ್ಯಭಾಗದ್ದು. ತಕ್ಕೋಲದ ಯುದ್ಧದಲ್ಲಿ ಶೌರ್ಯ ತೋರಿದ ಮಣಲೇರನಿಗೆ ಗಂಗರ ಬೂತುಗನು ಏನು ಬೇಕೆಂದು ಕೇಳಿದಾಗ ಆತ ಬೇಡಿದ್ದು ಕಾಳಿ ಎಂಬ ನಾಯಿಯನ್ನು. ಆ ಕಾಳಿ ಬೆಳತೂರಿನ ಬೆಟ್ಟದಲ್ಲಿ ಹಂದಿಯೊಡನೆ ಹೋರಾಡಿ, ಹಂದಿಯೂ ತಾನೂ ಕೂಡಿಯೇ ಸತ್ತವು. ಅದರ ನೆನಪಿಗೆ ಚಲ್ಲೇಶ್ವರನ ಗುಡಿಯ ಮುಂದೆ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಪೂಜೆಗೆ ಏರ್ಪಾಡು ಮಾಡಿದರು. ಸಾವಿರ ವರ್ಷಗಳ ಹಿಂದೆ ಕನ್ನಡಿಗರು ನಾಯಿಗೆ ಭೂಮಿ ಕೊಟ್ಟಿದ್ದರು; ಸತ್ತ ನಾಯಿಗೆ ಕೊಟ್ಟಿದ್ದರು. ಬದುಕಿರುವ ನಾಯಿಗೆ ಒಂದು ಗುಂಟೆ ಬಯಲು ಕೇಳಿದರೆ ನಾವೇಕೆ ನಗಬೇಕು? ಹಾವಿನಹಾಳ ಕಲ್ಲಯ್ಯನವರು ನಾಯಿಯ ಬಾಯಿಂದ ವೇದ ಓದಿಸಿದ ಕಥೆಯನ್ನು ಪುರಾಣಪ್ರವಚನದಲ್ಲಿ ಕೇಳಿ ಬೆಳೆದವರು ನಾವು. ಬಸವಾದಿ ಶರಣರು ಧರ್ಮವನ್ನು ದಯೆಯಿಂದ ಅಳೆದರು ಎಂಬುದನ್ನು ತಮಗೆ ಹೇಳಬೇಕಾಗಿಲ್ಲ.

ಆದರೆ ದಯೆ ಎಂದರೆ ಕಣ್ಣು ಮುಚ್ಚಿದ ಮಮತೆಯಲ್ಲ. ಇಲ್ಲಿಂದ ಮುಂದಿನದನ್ನು ಭಕ್ತರು ವಿಶೇಷ ಲಕ್ಷ್ಯವಿಟ್ಟು ಓದಬೇಕೆಂದು ಬಿನ್ನವಿಸುತ್ತೇವೆ.

ಎರಡು ಮಳೆಗಾಲಗಳ ಹಿಂದೆ ಒಬ್ಬ ತಾಯಿ ತನ್ನ ಹತ್ತು ವರ್ಷದ ಮಗನನ್ನು ನಮ್ಮಲ್ಲಿಗೆ ಕರೆತಂದಳು. ನೆರೆಮನೆಯ ನಾಯಿ, ಸದಾ ಕಟ್ಟಿದ ನಾಯಿ, ಕೊಂಡಿ ಕಿತ್ತುಕೊಂಡು ಬಂದು ಹುಡುಗನ ಮೀನಖಂಡ ಕಚ್ಚಿ ಮೂರು ದಿನವಾಗಿತ್ತು. ಗಾಯಕ್ಕೆ ಸುಣ್ಣ ಮತ್ತು ಖಾರದ ಪುಡಿ ಮೆತ್ತಿದ್ದರು. “ಸಾಹೇಬ್ರ, ಏನರ ಒಂದು ಬೇರು ಕೊಡ್ರಿ, ಹೊಕ್ಕಳಕ್ಕ ಹದಿನಾಲ್ಕು ಸೂಜಿ ಚುಚ್ಚತಾರಂತ ಹುಡುಗ ಅಳತಾನ” ಎಂದಳು. ನಾವು ಆಯುರ್ವೇದ ವೈದ್ಯರು, ಆದ್ದರಿಂದ ಬೇರು ಕೊಡುತ್ತೇವೆ ಎಂದು ನಂಬಿ ಬಂದಿದ್ದಳು. ನಾವು ಬೇರು ಕೊಡಲಿಲ್ಲ. ಗಾಯವನ್ನು ಸಾಬೂನು ಹಚ್ಚಿ ತೊಳೆದು, ಅವರನ್ನು ಅದೇ ಗಳಿಗೆಯಲ್ಲಿ ಸರಕಾರಿ ಆಸ್ಪತ್ರೆಗೆ ಕಳಿಸಿದೆವು. ಹುಡುಗ ಈಗ ಚೆನ್ನಾಗಿದ್ದಾನೆ.

ಆ ದಿನ ನಮ್ಮ ಕೈ ನಡುಗಿತ್ತು. ಅದಕ್ಕೆ ಕಾರಣವಿದೆ. ವೃತ್ತಿಗೆ ಬಂದ ಆರಂಭದ ವರ್ಷಗಳಲ್ಲಿ ನಮ್ಮ ಬಳಿಗೆ ಒಬ್ಬ ಯುವಕನನ್ನು ಬಂಡಿಯಲ್ಲಿ ತಂದಿದ್ದರು. ನಾಯಿ ಕಚ್ಚಿ ಎರಡು ತಿಂಗಳಾಗಿತ್ತಂತೆ. ಗಾಯ ಮಾಯ್ದಿತ್ತು, ಎಲ್ಲರೂ ಮರೆತಿದ್ದರು. ನೀರಿನ ಲೋಟ ತುಟಿಗೆ ತಂದೊಡನೆ ಆತನ ಗಂಟಲು ಸೆಟೆದು, ಕಣ್ಣು ಹೊರಬಂದು, ಲೋಟ ದೂರ ಹಾರಿತು. ಸುಶ್ರುತ ಸಂಹಿತೆಯ ಕಲ್ಪಸ್ಥಾನದಲ್ಲಿ ಅಲರ್ಕವಿಷದ ವರ್ಣನೆಯಿದೆ. ಹುಚ್ಚುನಾಯಿ ಕಚ್ಚಿದವನಿಗೆ ಜಲತ್ರಾಸ, ಅಂದರೆ ನೀರಿನ ಭಯ, ಬಂದರೆ ಅದು ಮರಣಸೂಚಕವೆಂದು ಅಲ್ಲಿ ಹೇಳಿದೆ. ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದ ಆ ಪದ ಅಂದು ನಮ್ಮ ಎದುರಿಗೆ ಬಂದು ನಿಂತಿತು. ಆತ ಉಳಿಯಲಿಲ್ಲ. ಇಂದಿನ ಆಧುನಿಕ ವೈದ್ಯವಿಜ್ಞಾನವೂ ಇದನ್ನೇ ಹೇಳುತ್ತದೆ: ರೇಬೀಸಿನ ಲಕ್ಷಣ ಕಾಣಿಸಿದ ಮೇಲೆ ಉಳಿಯುವವರು ಇಲ್ಲವೆಂದೇ ಹೇಳಬೇಕು.

ಆದ್ದರಿಂದ ಆಯುರ್ವೇದವನ್ನು ಜೀವಮಾನವಿಡೀ ನಂಬಿ ಬಾಳಿದ ನಾವು ಈ ಪುಟದಲ್ಲಿ ಬರೆದುಕೊಡುತ್ತೇವೆ: ನಾಯಿ ಕಚ್ಚಿದರೆ ಬೇರು, ಲೇಪ, ಮಂತ್ರ, ತಾಯಿತ ಯಾವುದೂ ಬೇಡ. ನಮ್ಮ ಶಾಸ್ತ್ರಕಾರರು ರೋಗವನ್ನು ಸರಿಯಾಗಿ ಕಂಡಿದ್ದರು. ಆದರೆ ಅವರ ಕಾಲದಲ್ಲಿ ಲಸಿಕೆ ಇರಲಿಲ್ಲ. 1885ರ ಜುಲೈನಲ್ಲಿ ಫ್ರಾನ್ಸಿನಲ್ಲಿ ಲೂಯಿ ಪಾಶ್ಚರ್ ಅವರು ಜೋಸೆಫ್ ಮೈಸ್ಟರ್ ಎಂಬ ಒಂಬತ್ತು ವರ್ಷದ ಬಾಲಕನಿಗೆ ಮೊದಲ ಬಾರಿಗೆ ಲಸಿಕೆ ಕೊಟ್ಟು ಉಳಿಸಿದರು. ಇದ್ದಿದ್ದರೆ ಸುಶ್ರುತರೇ ಅದನ್ನು ಮೊದಲು ಕೈಗೆತ್ತಿಕೊಳ್ಳುತ್ತಿದ್ದರೆಂದು ನಮ್ಮ ನಂಬಿಕೆ.

ಮಾಡಬೇಕಾದದ್ದು ಇಷ್ಟು. ಗಾಯವನ್ನು ಒಡನೆಯೇ ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ 15 ನಿಮಿಷ ತೊಳೆಯಬೇಕು. ಸುಣ್ಣ, ಖಾರ, ಅರಿಸಿನ, ಸೀಮೆಎಣ್ಣೆ ಹಚ್ಚಬಾರದು. ಅದೇ ದಿನ ಆಸ್ಪತ್ರೆಗೆ ಹೋಗಬೇಕು, ತಡವಾಗಿದ್ದರೂ ಹೋಗಲೇಬೇಕು. ಈಗಿನ ಚುಚ್ಚುಮದ್ದು ತೋಳಿಗೆ. ಹೊಕ್ಕಳಿನ ಸುತ್ತ ಚುಚ್ಚುತ್ತಿದ್ದ ಹಳೆಯ ಲಸಿಕೆ ನಮ್ಮ ದೇಶದಲ್ಲಿ ನಿಂತು ಎರಡು ದಶಕಗಳಾದವು. ಚರ್ಮದೊಳಗೆ ಕೊಡುವ ಕ್ರಮದಲ್ಲಿ ಮೊದಲ ದಿನ, ಅಲ್ಲಿಂದ 3, 7 ಮತ್ತು 28ನೆಯ ದಿನ ಹೋಗಬೇಕಾಗುತ್ತದೆ. ಗಾಯ ಆಳವಾಗಿದ್ದರೆ ಗಾಯದ ಸುತ್ತ ಇಮ್ಯುನೊಗ್ಲಾಬ್ಯುಲಿನ್ ಕೊಡುತ್ತಾರೆ. ಗಾಯ ಮಾಯಿತೆಂದು ಕೊನೆಯ ಸೂಜಿ ತಪ್ಪಿಸಬಾರದು. ಮಕ್ಕಳು ಬೈಗುಳಕ್ಕೆ ಅಂಜಿ ಪರಚಿದ ಗಾಯವನ್ನು ಮುಚ್ಚಿಡುತ್ತಾರೆ. ಅವರಿಗೆ ‘ಹೇಳು, ಬೈಯುವುದಿಲ್ಲ’ ಎಂದು ಮೊದಲೇ ಧೈರ್ಯ ಕೊಟ್ಟಿರಬೇಕು. ಸಾಕಿದ ನಾಯಿಗೆ ಮೂರು ತಿಂಗಳಾದಾಗ ಲಸಿಕೆ, ಬಳಿಕ ಪಶುವೈದ್ಯರು ಹೇಳಿದಂತೆ ಪ್ರತಿವರ್ಷ ತಪ್ಪದೆ. ಮನುಷ್ಯರಿಗೆ ಬರುವ ರೇಬೀಸಿನಲ್ಲಿ ನೂರಕ್ಕೆ 99ರಷ್ಟು ನಾಯಿಯಿಂದಲೇ ಬರುತ್ತದೆ. ನಾಯಿಯಲ್ಲಿ ತಡೆದರೆ ಮನುಷ್ಯನಲ್ಲಿ ತಡೆದಂತೆಯೇ.

ಈಗ ನಮ್ಮ ಕೋರಿಕೆ. ಅಮೆರಿಕದ ಬರ್ಕ್ಲಿಯಲ್ಲಿ 1979ರಲ್ಲಿ ಶ್ವಾನವನ ಆರಂಭವಾಯಿತು. 2018ರಲ್ಲಿ ಹೈದರಾಬಾದಿನ ಪಾಲಿಕೆ ಕೊಂಡಾಪುರದಲ್ಲಿ ಒಂದನ್ನು ತೆರೆಯಿತು. ಅಳ್ನಾವರಕ್ಕೆ ಅಂಥ ವೈಭವ ಬೇಡ. ಊರಂಚಿನಲ್ಲಿ ಅರ್ಧ ಎಕರೆ, ಎದೆಮಟ್ಟದ ತಂತಿಬೇಲಿ, ಎರಡು ಗೇಟು, ಒಂದು ನೀರಿನ ತೊಟ್ಟಿ, ಒಂದು ಬೇವಿನ ಮರ ಸಾಕು. ಬೆಂಚು ಮಾತ್ರ ಹಾಕಬಾರದು! ಲಸಿಕೆಯ ಚೀಟಿ ತೋರಿಸಿದವರಿಗಷ್ಟೇ ಪ್ರವೇಶ. ಮಲವನ್ನು ಒಡೆಯನೇ ಎತ್ತಬೇಕು. ಅದರಲ್ಲಿನ ಜಂತಿನ ಮೊಟ್ಟೆ ಮಕ್ಕಳ ಹೊಟ್ಟೆ ಸೇರಬಾರದು. ಸಣ್ಣ ನಾಯಿಗೂ ದೊಡ್ಡ ನಾಯಿಗೂ ಬೇರೆ ಬೇರೆ ಹೊತ್ತು. ಲಸಿಕೆ ಪೂರ್ಣವಾಗದ ಮರಿಗೆ ಪ್ರವೇಶವಿಲ್ಲ. ಇದರ ಖರ್ಚು ಒಂದು ಹೈಮಾಸ್ಟ್ ದೀಪದ ಖರ್ಚಿಗಿಂತ ಬಹಳ ಹೆಚ್ಚಾಗಲಾರದು. ಪಟ್ಟಣ ಪಂಚಾಯಿತಿಯವರು ಮನಸ್ಸು ಮಾಡಬೇಕು. ಕೇಳುವವರಿದ್ದರೆ ಅವರೂ ಮಾಡುತ್ತಾರೆ.

ಅಲ್ಲಿಯವರೆಗೆ ಸುಗ್ಗಿ ಮುಗಿದ ಹೊಲವೇ ನಮ್ಮ ಶ್ವಾನವನ. ಬೆಳಗಿನ ತಂಪಿನಲ್ಲಿ ಉದ್ದನೆಯ ಹಗ್ಗ ಕಟ್ಟಿ ಕರೆದೊಯ್ಯಿರಿ. ಕಾಡಿನಂಚಿಗೆ ಕತ್ತಲಲ್ಲಿ ಬೇಡ, ಚಿರತೆಯ ಭಯವಿದೆ. ಉಣ್ಣಿಸಿದ ಕೂಡಲೇ ಓಡಿಸಬೇಡಿ. ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರದು, ನಾಲಗೆಯಿಂದ ತೇಕಿಯೇ ತಂಪಾಗಬೇಕು. ಆದ್ದರಿಂದ ಬೇಸಿಗೆಯ ಬಿಸಿಲು ವರ್ಜ್ಯ. ಒಡೆಯನಿಗೆ ಶಾಸ್ತ್ರದ ನಿಯಮ ಅರ್ಧಶಕ್ತಿ: ಹಣೆಯಲ್ಲಿ ಬೆವರು ಮೂಡಿ, ಬಾಯಿ ಒಣಗಿ, ಉಸಿರು ಬಾಯಿಂದ ಬರಲಾರಂಭಿಸಿದಾಗ ನಿಲ್ಲಬೇಕು. ಚಳಿಗಾಲ ಮತ್ತು ವಸಂತದಲ್ಲಿ ಅಷ್ಟು, ಉಳಿದ ಋತುಗಳಲ್ಲಿ ಅದಕ್ಕೂ ಕಡಿಮೆ. ಹೃದ್ರೋಗವಿರುವವರು ತಮ್ಮ ವೈದ್ಯರನ್ನು ಕೇಳಿಯೇ ಹೊರಡಬೇಕು.

ಕೊನೆಯದಾಗಿ ಶ್ರೀಮಠದ ಸನ್ನಿಧಿಯಲ್ಲಿ ಒಂದು ಬಿನ್ನಹ. ಸೆಪ್ಟೆಂಬರ್ 28 ಪಾಶ್ಚರ್ ಅವರು ತೀರಿಕೊಂಡ ದಿನ. ಅದನ್ನೇ ವಿಶ್ವ ರೇಬೀಸ್ ದಿನವೆಂದು ಆಚರಿಸುತ್ತಾರೆ. ಆ ದಿನ ಮಠದ ಬಯಲಿನಲ್ಲಿ ಪಶುವೈದ್ಯರನ್ನು ಕರೆಸಿ ಊರ ನಾಯಿಗಳಿಗೆಲ್ಲ ಲಸಿಕೆ ಹಾಕಿಸುವ ಸೇವೆಯನ್ನು ಭಕ್ತರು ವಹಿಸಿಕೊಳ್ಳಬಹುದು. ದಾಸೋಹದ ಎಂಜಲೆಲೆಗೆ ಕಾದು ಕೂರುವ ಬೀದಿನಾಯಿಯೂ ಅದರಲ್ಲಿ ಸೇರಲಿ. ಅದಕ್ಕೆ ಅನ್ನ ಹಾಕುವ ಕೈ ಲಸಿಕೆಯನ್ನೂ ಹಾಕಿಸಿದರೆ ದಾಸೋಹ ಪೂರ್ಣವಾಗುತ್ತದೆ.

ನಾಳೆ ಬೆಳಿಗ್ಗೆ ಇಷ್ಟಲಿಂಗ ಪೂಜೆ ಮುಗಿಸಿ ಅಂಗಳಕ್ಕೆ ಬಂದಾಗ ಕಟ್ಟಿದ ನಾಯಿಯ ಮುಖವನ್ನೊಮ್ಮೆ ನೋಡಿರಿ. ಕೊಂಡಿ ಬಿಚ್ಚಿ, ಹಗ್ಗ ಹಿಡಿದು, ನೀವೇ ಹೊರಡಿರಿ.