ಬಂದರಿನ ಲೆಕ್ಕ, ನಾಡಿನ ಲೆಕ್ಕ

ರಫ್ತಿನಲ್ಲಿ ಯಾವ ರಾಜ್ಯ ಮುಂದು ಎಂಬ ಚರ್ಚೆ ನಮ್ಮ ಅರ್ಥಶಾಸ್ತ್ರದ ತರಗತಿಯಲ್ಲಿ ಆಗಾಗ ಏಳುವುದುಂಟು. ಗುಜರಾತ್ ಎಂದೊಡನೆ ಎಲ್ಲರೂ ತಲೆದೂಗುತ್ತಾರೆ. ಆದರೆ ಮಿತ್ರರೇ, ಜಾಮ್‌ನಗರದಿಂದ ಹೊರಡುವ ಡೀಸೆಲ್ಲಿಗೆ ಬೇಕಾದ ಕಚ್ಚಾ ತೈಲ ಬಹುಪಾಲು ಪರದೇಶದಿಂದಲೇ ಬಂದುದು. ಬಂದುದರ ಬೆಲೆಯನ್ನು ಕಳೆಯದೆ ಹೋದುದರ ಬೆಲೆಯನ್ನಷ್ಟೇ ಎಣಿಸುವುದು ಎಂಥ ಲೆಕ್ಕ? ಇತ್ತ ಕೊಡಗಿನ ಕಾಫಿ ಮಂಗಳೂರಿನಿಂದಲೂ ಹಡಗೇರುತ್ತದೆ, ಕೊಚ್ಚಿಯಿಂದಲೂ ಏರುತ್ತದೆ. ಕೊಚ್ಚಿಯ ಪುಸ್ತಕದಲ್ಲಿ ಬರೆದ ಮಾತ್ರಕ್ಕೆ ತೋಟದಲ್ಲಿ ದುಡಿದವರ ಬೆವರು ಕೇರಳದ್ದಾಗುವುದೇ? ಬೆಂಗಳೂರಿನ ಸಾಫ್ಟ್‌ವೇರ್ ಅಂತೂ ಯಾವ ಬಂದರನ್ನೂ ಕಾಣದು!

ಟನ್ನುಗಳನ್ನೇ ನಂಬುವವರು ಕುದುರೆಮುಖದ ಅದಿರನ್ನು ನೆನೆಯಲಿ. ಕೊಳವೆಯಲ್ಲಿ ಇಳಿದು ಬಂದು ಅದು ಮಂಗಳೂರಿನ ತೂಕವನ್ನು ಹೆಚ್ಚಿಸಿತು. ಸುಪ್ರೀಂ ಕೋರ್ಟಿನ ಆಜ್ಞೆಯಂತೆ 2005ರ ಕೊನೆಗೆ ಗಣಿ ನಿಂತಿತು. ಅಷ್ಟು ವರ್ಷ ಭದ್ರೆಗೆ ಹರಿದ ಕೆಸರು ಯಾವ ರಫ್ತುಪಟ್ಟಿಯಲ್ಲೂ ಇಲ್ಲ.